ಸೋತ ಕುಸ್ತಿಯನ್ನು ಓದಲು ಕಲಿಯಿರಿ

ರಾಜ್ಯ ಮಟ್ಟದ ಶಾಲಾ ಕುಸ್ತಿಗೆ ಹೊರಟ ಹುಡುಗನಿಗೆ ನಮ್ಮ ಅನಂತಪುರದ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ‘ಗೆದ್ದು ಬಾರೋ ತಮ್ಮಾ.’ ಹೇಳಬೇಕಾದ ಮಾತೇ ಅದು. ಆದರೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ಎಷ್ಟೋ ಮಕ್ಕಳನ್ನು ಬಸ್ಸು ಹತ್ತಿಸಿದವನು, ಅವರ ಜೊತೆ ಹೋಗಿ ಮ್ಯಾಟಿನ ಪಕ್ಕ ಕುಳಿತವನು ನಾನು. ನಿಮ್ಮ ಮುಂದೆ ನನಗೆ ಮಾತಾಡಬೇಕಾಗಿರುವುದು ಸೋಲಿನ ಬಗ್ಗೆ. ಒಂದು ತೂಕದಲ್ಲಿ ರಾಜ್ಯಕ್ಕೆ ಬಂದ ಮಕ್ಕಳಲ್ಲಿ ಒಂದೂ ಕುಸ್ತಿ ಸೋಲದೆ ಊರಿಗೆ ಮರಳುವವನು ಒಬ್ಬನೇ. ಉಳಿದವರೆಲ್ಲ, ಬೆಳ್ಳಿ ಗೆದ್ದವನೂ ಸೇರಿ, ಒಂದು ಸೋಲನ್ನು ಹೊತ್ತುಕೊಂಡೇ ಬರುತ್ತಾರೆ. ಆ ಸೋಲನ್ನು ಏನು ಮಾಡಬೇಕು ಎಂದು ಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಪಟ್ಟು ಕಲಿಸುತ್ತೇವೆ, ಹಾಲು ತುಪ್ಪ ತಿನ್ನಿಸುತ್ತೇವೆ, ಹನುಮಪ್ಪನಿಗೆ ಕಾಯಿ ಒಡೆಸುತ್ತೇವೆ. ಸೋತು ಬಂದ ದಿನ ಮಾತ್ರ ಎಲ್ಲರೂ ಸುಮ್ಮನಾಗುತ್ತೇವೆ.

ನೀವು ನಡೆಯಬೇಕಾದ ದಾರಿ ಉದ್ದದ್ದು. ವಲಯ, ತಾಲೂಕು, ಜಿಲ್ಲೆ, ವಿಭಾಗ, ಆಮೇಲೆ ರಾಜ್ಯ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಮ್ಮದು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ, ಬೆಳಗಾವಿಯದು ಬೇರೆ. ಹಾಗಾಗಿ ವಿಭಾಗ ಮಟ್ಟಕ್ಕೆ ಹೋದರೆ ಬೆಳಗಾವಿಯ ಹುಡುಗರೇ ಎದುರಾಳಿಗಳು. ಅವರ ಜೊತೆಗೆ ಬಾಗಲಕೋಟೆ, ಧಾರವಾಡ, ಗದಗ, ವಿಜಯಪುರ, ಹಾವೇರಿ, ಉತ್ತರ ಕನ್ನಡದ ಹಳಿಯಾಳದ ಮಕ್ಕಳು. ದಾವಣಗೆರೆ, ಮೈಸೂರುಗಳನ್ನು ಬಿಟ್ಟರೆ ಈ ನಾಡಿನಲ್ಲಿ ಕುಸ್ತಿ ಆಳವಾಗಿ ಬೇರುಬಿಟ್ಟ ಊರುಗಳು ಹೆಚ್ಚಾಗಿ ನಮ್ಮ ವಿಭಾಗದಲ್ಲೇ ಇವೆ. ವಿಭಾಗದಲ್ಲಿ ಸೋತು ಬಂದ ಹುಡುಗನನ್ನು ‘ರಾಜ್ಯಕ್ಕೂ ಹೋಗಲಿಲ್ಲ’ ಎಂದು ಹಳಿಯುವ ದೊಡ್ಡವರಿಗೆ ಈ ಸಂಗತಿ ಗೊತ್ತಿರಲಿ.

ನಾವು ಯಾರ ನೆಲದವರು ಎಂಬುದೂ ನಿಮಗೆ ಗೊತ್ತಿರಬೇಕು. ಚಿಕ್ಕೋಡಿ ತಾಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ ಕೊಲ್ಹಾಪುರದ ತಾಲೀಮಿನಲ್ಲಿ ಬೆಳೆದು, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ದೇಶದ ಮೊದಲ ಹಿಂದ್ ಕೇಸರಿಯಾದರು. ಅವರು ತೀರಿಕೊಂಡದ್ದು 2020ರ ಡಿಸೆಂಬರ್‌ನಲ್ಲಿ. ಇಂದಿನ ಹೈಸ್ಕೂಲು ಮಕ್ಕಳು ಹುಟ್ಟಿದ ಮೇಲೂ ಅವರು ಬದುಕಿದ್ದರು. ಆದರೂ ತರಗತಿಯಲ್ಲಿ ಅವರ ಹೆಸರು ಕೇಳಿದರೆ ಏಳುವ ಕೈಗಳು ಕಡಿಮೆ. ನನಗೆ ಅದು ನೋವಿನ ಸಂಗತಿ. ಸಿನಿಮಾದ ಪೈಲ್ವಾನರನ್ನು ಬಲ್ಲ ಮಕ್ಕಳು ನಮ್ಮದೇ ಸೀಮೆಯ ಪೈಲ್ವಾನರನ್ನು ಅರಿಯಬೇಡವೇ?

ಇನ್ನೊಬ್ಬರು ಗೋಳೇಶ್ವರದ ಖಾಶಾಬಾ ಜಾಧವ್. ಸಾತಾರಾ ಜಿಲ್ಲೆಯ ಕರಾಡದ ಪಕ್ಕದ ಊರು ಅದು. ಕರಾಡ ದಾಟಿದ ಕೃಷ್ಣೆಯೇ ಮುಂದೆ ಜುಗೂಳ, ಉಗಾರ, ಕುಡಚಿಗೆ ಬರುತ್ತಾಳೆ. ಖಾಶಾಬಾ ಕರಾಡದ ತಿಲಕ ಹೈಸ್ಕೂಲಿನಲ್ಲಿ ಓದಿದವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಅವರ ಕಾಲಿಗೆ ಗೊತ್ತಿದ್ದದ್ದು ಮಣ್ಣು. ಮ್ಯಾಟು ಹೊಸದು, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆರನೆಯ ಸ್ಥಾನ ಬಂತು. ಊರಿಗೆ ಬಂದು ‘ನಾನು ಒಲಿಂಪಿಕ್ಸ್‌ಗೆ ಹೋಗಿ ಬಂದವನು’ ಎಂದು ಜಾತ್ರೆಗಳಲ್ಲಿ ಪೇಟ ಸುತ್ತಿಸಿಕೊಂಡು ಕೂರಬಹುದಿತ್ತು, ಕೂರಲಿಲ್ಲ. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿಗೆ ಹೊರಡಬೇಕಾದಾಗ ಕೈಯಲ್ಲಿ ಹಣವಿರಲಿಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೀಕರ ಅವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಹೊಂದಿಸಿಕೊಟ್ಟರು. 1952ರಲ್ಲಿ ಖಾಶಾಬಾ 57 ಕಿಲೊ ವರ್ಗದ ಫ್ರೀ ಸ್ಟೈಲ್‌ನಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಒಬ್ಬ ವ್ಯಕ್ತಿ ತಂದುಕೊಟ್ಟ ಮೊದಲ ಪದಕ ಅದು. ಕರಾಡದಿಂದ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಅವರನ್ನು ಊರಿಗೆ ಕರೆತಂದರು. ಅದಾದ ಮೇಲೆ ಅವರು ಮಾಡಿದ ಕೆಲಸ ನನಗೆ ಪದಕದಷ್ಟೇ ದೊಡ್ಡದಾಗಿ ಕಾಣುತ್ತದೆ: ಕುಸ್ತಿಗಳನ್ನು ಕಟ್ಟಿ, ಬಂದ ಹಣದಿಂದ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟರು.

1948ರ ಆ ಆರನೆಯ ಸ್ಥಾನವನ್ನು ಗಮನಿಸಿ. ಲಂಡನ್ನಿನಲ್ಲಿ ತನಗೆ ಏನು ಬರಲಿಲ್ಲ ಎಂಬುದನ್ನು ಖಾಶಾಬಾ ಕಂಡುಕೊಂಡರು, ನಾಲ್ಕು ವರ್ಷ ಅದನ್ನೇ ಕಲಿತರು. ಸೋಲನ್ನು ಓದುವುದು ಅಂದರೆ ಇದೇ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಹುಡುಗರಲ್ಲಿ ಬಹಳಷ್ಟು ಜನ ತಾಲೀಮಿನ ಕೆಂಪು ಮಣ್ಣಿನಲ್ಲಿ ಬೆಳೆದವರು. ವಸ್ತಾದರು ಸಾಮು ತೆಗೆಸಿ, ಬಸ್ಕಿ ಹೊಡೆಸಿ, ಮಣ್ಣು ಅಗೆಯಲು ಹಚ್ಚಿ ಮೈ ಗಟ್ಟಿ ಮಾಡಿರುತ್ತಾರೆ. ಆ ಮೈಗೆ ಸಾಟಿಯಿಲ್ಲ. ಕೈಹಿಡಿತ, ಕುತ್ತಿಗೆ, ಉಸಿರು, ಮೂರರಲ್ಲೂ ನಮ್ಮ ಹುಡುಗರು ರಾಜ್ಯದಲ್ಲಿ ಯಾರಿಗೂ ಕಡಿಮೆಯಿಲ್ಲ. ಹಾಗಿದ್ದೂ ಸೋಲುತ್ತಾರೆ. ಎಲ್ಲಿ ಸೋಲುತ್ತಾರೆ ಎಂದು ವರ್ಷ ವರ್ಷ ನೋಡುತ್ತ ಬಂದಿದ್ದೇನೆ. ಹೆಚ್ಚಿನ ಸಲ ಅದೇ ಜಾಗ, ಅದೇ ರೀತಿ.

ಮಣ್ಣಿನ ಕುಸ್ತಿಯಲ್ಲಿ ಬೋರಲು ಬಿದ್ದ ಹುಡುಗನಿಗೆ ಸ್ವಲ್ಪ ಹೊತ್ತು ಭಯವಿಲ್ಲ. ಎದುರಾಳಿ ಬೆನ್ನ ಮೇಲೆ ಕುಳಿತು ಒದ್ದಾಡಲಿ, ಬೆನ್ನು ಪೂರ್ತಿ ಮಣ್ಣಿಗೆ ತಾಗುವವರೆಗೆ ಕುಸ್ತಿ ಹೋಗುವುದಿಲ್ಲ. ಹಾಗಾಗಿ ಹೊಟ್ಟೆಯ ಮೇಲೆ ಮಲಗಿ ಉಸಿರು ಎಳೆದುಕೊಳ್ಳುವ ರೂಢಿ ಮೈಗೆ ಅಂಟಿರುತ್ತದೆ. ಮ್ಯಾಟಿನ ಮೇಲೆ ಅದೇ ರೂಢಿ ನಿಮ್ಮನ್ನು ಮುಳುಗಿಸುತ್ತದೆ. ನಿಮ್ಮನ್ನು ಕೆಳಗೆ ಹಾಕಿ ಹಿಂದೆ ಬಂದದ್ದಕ್ಕೆ ಎದುರಾಳಿಗೆ 2 ಪಾಯಿಂಟು. ಅಲ್ಲಿಂದ ಸೊಂಟ ಅಪ್ಪಿ ಹಿಡಿದು ಒಮ್ಮೆ ಉರುಳಿಸಿದರೆ, ನಿಮ್ಮ ಬೆನ್ನು ಅರೆಗಳಿಗೆ ಮ್ಯಾಟಿನತ್ತ ತಿರುಗಿದರೂ ಸಾಕು, ಇನ್ನೆರಡು. ಇಲ್ಲವೇ ಎರಡೂ ಪಾದದ ಗಂಟುಗಳನ್ನು ಹೆಣೆದು ಹಿಡಿದು ಗಿರಗಿರ ತಿರುಗಿಸುತ್ತಾನೆ, ಪ್ರತಿ ಉರುಳಿಗೂ ಎರಡೆರಡು. ನಾಲ್ಕು ಉರುಳಿಗೆ 8, ಮೊದಲಿನದು 2, ಒಟ್ಟು 10. ಫ್ರೀ ಸ್ಟೈಲ್‌ನಲ್ಲಿ 10 ಪಾಯಿಂಟಿನ ಅಂತರವಾದರೆ ರೆಫರಿ ಅಲ್ಲಿಗೇ ಸೀಟಿ ಊದುತ್ತಾರೆ. ಗ್ರೀಕೊ ರೋಮನ್‌ನಲ್ಲಿ 8 ಸಾಕು. ಹುಡುಗನ ಮೈಯಲ್ಲಿ ಬೆವರು ಮೂಡುವ ಮೊದಲೇ ಕುಸ್ತಿ ಮುಗಿದಿರುತ್ತದೆ. ಎದ್ದು ನಿಂತವನ ಮುಖ ನೋಡಬೇಕು ನೀವು. ಬೆನ್ನು ಹಚ್ಚಿಲ್ಲ, ಸುಸ್ತಾಗಿಲ್ಲ, ಹೊಡೆತ ಬಿದ್ದಿಲ್ಲ. ತಾನು ಸೋತಿದ್ದೇನೆ ಎಂದು ನಂಬಲಿಕ್ಕೇ ಅವನಿಗೆ ಆಗುವುದಿಲ್ಲ.

ಇದಕ್ಕೆ ಮದ್ದಿದೆ, ಆದರೆ ಅದನ್ನು ಮ್ಯಾಟಿನ ಮೇಲೆಯೇ ಕಲಿಯಬೇಕು. ಕೆಳಗೆ ಬಿದ್ದ ಕೂಡಲೇ ಹೊಟ್ಟೆ, ಸೊಂಟ ಮ್ಯಾಟಿಗೆ ಅಂಟಲಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಅವನ ಕೈಗಳು ಒಂದಕ್ಕೊಂದು ಸೇರುವ ಮೊದಲೇ ಮಣಿಕಟ್ಟು ಹಿಡಿದು ಬಿಡಿಸಿ. ಕಾಲು ಹೆಣೆಯಲು ಇಳಿದರೆ ಎರಡೂ ಪಾದ ಒಟ್ಟಿಗೆ ಸಿಗದಂತೆ ದೂರ ಇಡಿ, ಮುಂದಕ್ಕೆ ತೆವಳಿ. ತಾಲೀಮಿನಲ್ಲಿ ದಿನಾ ಢಾಕು ಹೊಡೆಯುವ ಅಭ್ಯಾಸ ಮಾಡುತ್ತೀರಿ, ಚಪ್ಪಾಳೆ ಬೀಳುವುದು ಅದಕ್ಕೇ. ಕೆಳಗೆ ಬಿದ್ದಾಗ ಉಳಿಯುವ ಅಭ್ಯಾಸಕ್ಕೆ ಚಪ್ಪಾಳೆ ಇಲ್ಲ, ಅದಕ್ಕೇ ಯಾರೂ ಮಾಡುವುದಿಲ್ಲ. ನೀವು ಮಾಡಿ.

ಇನ್ನೊಂದು ಅಂಚಿನ ವಿಷಯ. ಅಖಾಡದಲ್ಲಿ ಅಂಚಿಗೆ ಹೋದರೆ ಮತ್ತೆ ನಡುವಿಗೆ ತಂದು ನಿಲ್ಲಿಸುತ್ತಾರೆ. ಮ್ಯಾಟಿನಲ್ಲಿ ಗೆರೆ ದಾಟಿ ಕಾಲಿಟ್ಟರೆ ಎದುರಾಳಿಗೆ 1 ಪಾಯಿಂಟು. ಹಿಂದೆ ಸರಿಯುತ್ತ ಸಮಯ ಕಳೆಯುವವನಿಗೆ ಮೊದಲು ಎಚ್ಚರಿಕೆ, ಮತ್ತೂ ಹಾಗೇ ಮಾಡಿದರೆ 30 ಸೆಕೆಂಡಿನ ಗಡುವು. ಅಷ್ಟರಲ್ಲಿ ಇಬ್ಬರೂ ಪಾಯಿಂಟು ಗಳಿಸದಿದ್ದರೆ ಎದುರಾಳಿಗೆ ಒಂದು. 17 ವರ್ಷದೊಳಗಿನವರಿಗೆ ಇರುವುದು 2 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. ಜಂಗೀ ನಿಕಾಲಿ ಕುಸ್ತಿಯಂತೆ ಎದುರಾಳಿ ಸುಸ್ತಾಗಲಿ ಎಂದು ಕಾಯುವ ಪುರಸೊತ್ತು ಇಲ್ಲಿಲ್ಲ. 1-1 ಸಮವಾಗಿ ಮುಗಿದ ಕುಸ್ತಿಗಳಲ್ಲಿ ಕೊನೆಯ ಪಾಯಿಂಟು ಗಳಿಸಿದವನ ಕೈ ಮೇಲೇಳುವುದನ್ನು ಎಷ್ಟು ಸಲ ನೋಡಿದ್ದೇನೋ. ನಮ್ಮ ಹುಡುಗ ಸಮ ಆಯಿತೆಂದು ನಿರಾಳವಾಗಿ ನಿಂತಿರುತ್ತಾನೆ. ನಿಯಮ ಗೊತ್ತಿದ್ದ ಇನ್ನೊಬ್ಬ ಆಗಲೇ ಕುಣಿಯುತ್ತಿರುತ್ತಾನೆ.

ಆದ್ದರಿಂದ ಸೋತು ಬಂದ ದಿನ ಒಂದು ನೋಟುಬುಕ್ಕು ತೆಗೆಯಿರಿ. ‘ರೆಫರಿ ಮೋಸ ಮಾಡಿದ’, ‘ನಸೀಬು ಕೆಟ್ಟಿತ್ತು’ ಎಂದು ಬರೆಯಬೇಡಿ. ಎದುರಾಳಿಗೆ ಬಂದ ಒಂದೊಂದು ಪಾಯಿಂಟನ್ನೂ ಬರೆಯಿರಿ: ಯಾವ ಸುತ್ತಿನಲ್ಲಿ, ನಾನು ಎಲ್ಲಿ ನಿಂತಿದ್ದೆ, ಅವನ ಕೈ ಎಲ್ಲಿತ್ತು, ನನ್ನ ಯಾವ ಕಾಲು ಮುಂದಿತ್ತು. ಮಾಸ್ತರು ಮೊಬೈಲಿನಲ್ಲಿ ವಿಡಿಯೊ ಮಾಡಿದ್ದರೆ ಕೇಳಿ ಪಡೆದು ನೋಡಿ. ನಾಲ್ಕು ಸಾಲಾದರೂ ಬರೆದರೆ ಮುಂದಿನ ವರ್ಷದ ಅಭ್ಯಾಸ ಆ ಸಾಲುಗಳಲ್ಲೇ ಇರುತ್ತದೆ.

ಒಂದು ಘಟನೆ ಹೇಳುತ್ತೇನೆ. ಹುಡುಗನ ಹೆಸರು ಬೇಡ, ಈಗ ಅವನು ಮಕ್ಕಳ ತಂದೆ. ರಾಜ್ಯದ ಮೊದಲ ಕುಸ್ತಿಯಲ್ಲೇ ಸೋತ. ಪಾಪ, ಬೇಸರವಾಯಿತು. ಕಾಸ್ಟ್ಯೂಮು ಕಳಚಿ ಬ್ಯಾಗಿಗೆ ತುರುಕಿ, ಗೆಳೆಯರ ಜೊತೆ ಊರು ನೋಡಲು ಹೋದ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಸೋಲಿಸಿದವನು ಒಬ್ಬೊಬ್ಬರನ್ನೇ ಬೀಳಿಸುತ್ತ ಫೈನಲ್ ತಲುಪಿದ. ಫೈನಲ್ ತಲುಪಿದವರ ಕೈಲಿ ಸೋತವರಿಗೆ ಕಂಚಿಗಾಗಿ ಮತ್ತೆ ಆಡುವ ಅವಕಾಶ ಸಿಗುತ್ತದೆ, ರೆಪೆಚಾಜ್ ಅನ್ನುವುದು ಅದನ್ನೇ. ಮೈಕಿನಲ್ಲಿ ನಮ್ಮ ಹುಡುಗನ ಹೆಸರು ಕೂಗಿದರು. ಮತ್ತೊಮ್ಮೆ ಕೂಗಿದರು. ಮೂರನೆಯ ಸಲ ಕೂಗುವಾಗ ಮಾಸ್ತರು ಗೇಟಿನ ಹೊರಗೆ ಓಡಿ ರಸ್ತೆಯುದ್ದಕ್ಕೂ ನೋಡುತ್ತಿದ್ದರು. ಎದುರಾಳಿಯ ಕೈ ಎತ್ತಿ ಕಳಿಸಿದರು. ಹುಡುಗ ಬಂದದ್ದು ಆಮೇಲೆ, ಕೈಯಲ್ಲಿ ತಂಗಿಗೆ ಕೊಂಡ ಬಳೆಗಳಿದ್ದವು. ಯಾರೂ ಬೈಯಲಿಲ್ಲ. ಬೈಯುವ ಅಗತ್ಯವೂ ಇರಲಿಲ್ಲ. ಸೋಲಿನ ಮೇಲೆ ಏಳುವ ಅವಕಾಶವನ್ನು ನಿಯಮವೇ ಕೊಟ್ಟಿತ್ತು, ಪಡೆಯಲು ಅವನು ಅಲ್ಲಿರಲಿಲ್ಲ.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕ್ವಾರ್ಟರ್ ಫೈನಲ್ ಸೋತಿದ್ದರು. ಅವರನ್ನು ಸೋಲಿಸಿದ ರಷ್ಯಾದ ಆಟಗಾರ್ತಿ ಫೈನಲ್ ತಲುಪಿದ್ದರಿಂದ ರೆಪೆಚಾಜ್ ಸಿಕ್ಕಿತು. ಕಂಚಿನ ಕುಸ್ತಿಯಲ್ಲಿ ಮೊದಲ ಸುತ್ತು ಮುಗಿದಾಗ 0-5 ಹಿಂದಿದ್ದರು. ಕೊನೆಗೆ 8-5ರಿಂದ ಗೆದ್ದು ಒಲಿಂಪಿಕ್ಸ್ ಪದಕ ತಂದ ಭಾರತದ ಮೊದಲ ಮಹಿಳಾ ಕುಸ್ತಿಪಟುವಾದರು. ನಿರ್ಣಾಯಕ ಪಾಯಿಂಟುಗಳು ಬಂದದ್ದು ಕೊನೆಯ ಕೆಲವೇ ಸೆಕೆಂಡುಗಳಲ್ಲಿ. ಮೊದಲ ಸೋಲಿನ ನಂತರವೂ ಅವರು ಕಾದರು ಎಂಬುದನ್ನು ನೆನಪಿಡಿ. ಸೋತ ಮೇಲೆ ಕಾಸ್ಟ್ಯೂಮು ಕಳಚಬೇಡಿ. ನಿಮ್ಮನ್ನು ಸೋಲಿಸಿದವನು ಎಲ್ಲಿವರೆಗೆ ಹೋಗುತ್ತಾನೆ ಎಂದು ಕುಳಿತು ನೋಡಿ, ಅವನಿಗಾಗಿ ಚಪ್ಪಾಳೆ ತಟ್ಟಿ. ನಿಮ್ಮ ಕಂಚು ಅವನ ಗೆಲುವಿನಲ್ಲಿದೆ.

ನಮ್ಮ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ಅವರ ಸಂಗತಿಯೂ ಇಂಥದ್ದೇ. 2020ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ 55 ಕಿಲೊ ಗ್ರೀಕೊ ರೋಮನ್ ಸೆಮಿಫೈನಲ್‌ನಲ್ಲಿ ಇರಾನಿನ ಎದುರಾಳಿಯ ಮೇಲೆ 7-1 ಮುಂದಿದ್ದರು. ಗೆಲುವು ಕೈಯಲ್ಲೇ ಇತ್ತು ಅನ್ನಿ. ಅಲ್ಲಿಂದ 7-8 ಆಗಿ ಕುಸ್ತಿ ಹೋಯಿತು. ಆ ಥರದ ಸೋಲು ತಿಂದವನಿಗೆ ಮುಂದಿನ ಕುಸ್ತಿಗೆ ಎದ್ದು ನಿಲ್ಲುವುದೇ ಕಷ್ಟ. ಅರ್ಜುನ ಎದ್ದು ನಿಂತರು, ಕೊರಿಯಾದವನನ್ನು 7-4ರಿಂದ ಸೋಲಿಸಿ ಕಂಚು ತಂದರು. ನಮ್ಮಂಥದೇ ಜೋಳದ ರೊಟ್ಟಿ ತಿಂದು ಬೆಳೆದ ಹುಡುಗ.

ದೂರ ದೇಶದ ಒಂದು ಮಾತು. ಅಮೆರಿಕದಲ್ಲಿ ಅಯೋವಾ ಎಂಬ ಮೆಕ್ಕೆಜೋಳ ಬೆಳೆಯುವ ರಾಜ್ಯವಿದೆ. ಹೈಸ್ಕೂಲು ಮಕ್ಕಳ ರಾಜ್ಯ ಕುಸ್ತಿ ಎಂದರೆ ಅಲ್ಲಿ ಜಾತ್ರೆಯೇ, ಪ್ರತಿ ಫೆಬ್ರುವರಿಯಲ್ಲಿ ಡೆ ಮೊಯ್ನ್ ನಗರ ತುಂಬುತ್ತದೆ. ಅಲ್ಲಿಯ ವಾಟರ್ಲೂ ಊರಿನ ಡಾನ್ ಗೇಬಲ್ ಹೈಸ್ಕೂಲಿನಲ್ಲಿ 64 ಕುಸ್ತಿ ಆಡಿ 64ನ್ನೂ ಗೆದ್ದ. ಕಾಲೇಜಿನಲ್ಲೂ ಗೆಲುವೇ ಗೆಲುವು. 1970ರಲ್ಲಿ ಕಾಲೇಜಿನ ಕಟ್ಟಕಡೆಯ ಕುಸ್ತಿಯಲ್ಲಿ ಲ್ಯಾರಿ ಓವಿಂಗ್ಸ್ ಎಂಬವನ ಕೈಲಿ 11-13ರಲ್ಲಿ ಸೋತ. ಅಷ್ಟು ವರ್ಷ ಸೋಲನ್ನೇ ಕಾಣದವನಿಗೆ ಆ ಒಂದು ಸೋಲು ಎಂಥ ಪೆಟ್ಟು ಕೊಟ್ಟಿರಬೇಕು! ಎರಡು ವರ್ಷದ ಮೇಲೆ ಮ್ಯೂನಿಕ್ ಒಲಿಂಪಿಕ್ಸ್‌ಗೆ ಹೋದ ಗೇಬಲ್ ಒಬ್ಬ ಎದುರಾಳಿಗೂ ಒಂದೇ ಒಂದು ಪಾಯಿಂಟು ಬಿಟ್ಟುಕೊಡದೆ ಚಿನ್ನ ಗೆದ್ದ. ಗೆದ್ದ ಕುಸ್ತಿಗಳೆಲ್ಲ ಸೇರಿ ಕಲಿಸಿದ್ದಕ್ಕಿಂತ ಸೋತ ಆ ಒಂದು ಕುಸ್ತಿ ಅವನಿಗೆ ಹೆಚ್ಚು ಕಲಿಸಿತು ಎಂದು ನಾನು ನಂಬುತ್ತೇನೆ.

ಕೆಲವು ಸೋಲುಗಳು ಮ್ಯಾಟು ಹತ್ತುವ ಮೊದಲೇ ಆಗಿರುತ್ತವೆ. ಅವು ತೂಕದ ಕಾಟಾದ ಮೇಲೆ ಆಗುವ ಸೋಲುಗಳು. ಇದನ್ನು ಕೈಮುಗಿದು ಹೇಳುತ್ತೇನೆ ಮಕ್ಕಳೇ. ಒಂದೆರಡು ಕಿಲೊ ಇಳಿಸಿದರೆ ಕೆಳಗಿನ ವರ್ಗದಲ್ಲಿ ಸುಲಭವಾಗಿ ಗೆಲ್ಲಬಹುದು ಎಂದು ಯಾರೋ ಕಿವಿ ಊದುತ್ತಾರೆ. ಎರಡು ದಿನ ಊಟ ಬಿಡಿಸಿ, ನೀರು ಬಿಡಿಸಿ, ಬಿಸಿಲಲ್ಲಿ ಸ್ವೆಟರು ತೊಡಿಸಿ ಓಡಿಸುತ್ತಾರೆ. ಬಾಯೊಣಗಿ ಉಗುಳೂ ಬಾರದ ಹುಡುಗ ಕಾಟಾ ಹತ್ತುವುದನ್ನು ನೋಡಿದ್ದೇನೆ. ತೂಕವೇನೋ ಸರಿಹೋಯಿತು. ಮೊದಲ ಕುಸ್ತಿಯ ಎರಡನೆಯ ಸುತ್ತಿನಲ್ಲಿ ಮೀನಖಂಡ ಸೆಟೆದು ಎದ್ದು ನಿಲ್ಲಲಾಗದೆ ಕೂತುಬಿಟ್ಟ. ನೀವು ಬೆಳೆಯುವ ಮಕ್ಕಳು. ಎಲುಬು, ನರ, ಮಿದುಳು ಎಲ್ಲ ಇನ್ನೂ ಕಟ್ಟಿಕೊಳ್ಳುತ್ತಿರುವ ವಯಸ್ಸು. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಮೈಯ ನೀರು ಹಿಂಡಿ ತೂಕ ಇಳಿಸಲು ಹೋಗಿ ಸತ್ತರು. ಆಮೇಲೆ ಅಲ್ಲಿ ನಿಯಮ ಬಿಗಿಯಾಯಿತು. ಮೂರು ಮನೆಗಳ ಮಕ್ಕಳು ಮಾತ್ರ ಮರಳಿ ಬರಲಿಲ್ಲ.

2024ರ ಪ್ಯಾರಿಸ್ ಒಲಿಂಪಿಕ್ಸ್ ನೀವೂ ನೋಡಿದ್ದೀರಿ. ವಿನೇಶ್ ಫೋಗಟ್ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿವರೆಗೆ ಸೋಲನ್ನೇ ಕಂಡಿರದ ಜಪಾನಿನ ಯುಯಿ ಸುಸಾಕಿಯನ್ನು ಸೋಲಿಸಿ 50 ಕಿಲೊ ಫೈನಲ್ ತಲುಪಿದ್ದರು. ಮರುದಿನ ಬೆಳಿಗ್ಗೆ ಕಾಟಾದ ಮೇಲೆ 100 ಗ್ರಾಂ ಹೆಚ್ಚು ಬಂತು, ಫೈನಲ್ ಕೈತಪ್ಪಿತು. ವೈದ್ಯರು, ತರಬೇತುದಾರರು ರಾತ್ರಿಯಿಡೀ ಜೊತೆಗಿದ್ದೂ ಹಾಗಾಯಿತು. ಹೈಸ್ಕೂಲು ಹುಡುಗನ ಬೆನ್ನಿಗೆ ಅಂಥ ಪಡೆಯಿಲ್ಲ. ನಿಮ್ಮ ಮೈ ಸಹಜವಾಗಿ ಯಾವ ತೂಕದಲ್ಲಿದೆಯೋ ಆ ವರ್ಗದಲ್ಲಿ ಆಡಿ. ರೊಟ್ಟಿ, ಶೇಂಗಾ, ಬೆಲ್ಲ, ಹಾಲು, ಮೊಟ್ಟೆ, ಕಾಳು ಹೊಟ್ಟೆ ತುಂಬ ತಿನ್ನಿ. ಜಿಮ್ಮಿನ ಅಂಗಡಿಯ ಪುಡಿ ಬೇಡ, ಯಾರಾದರೂ ಸೂಜಿ ಎಂದರೆ ಅಲ್ಲಿಂದ ಎದ್ದು ಮನೆಗೆ ಬನ್ನಿ.

ವಯಸ್ಸಿನ ವಿಷಯವನ್ನೂ ಮುಚ್ಚಿಡುವುದು ಬೇಡ. ಹುಟ್ಟಿದ ತಾರೀಕು ತಿದ್ದಿಸಿ ಚಿಕ್ಕವರ ಗುಂಪಿನಲ್ಲಿ ಆಡಿಸುವ ಆಸೆ ಕೆಲವು ಮನೆಗಳಲ್ಲಿದೆ. ಅಲ್ಲಿ ಗೆದ್ದ ಪದಕ ಇನ್ನೊಬ್ಬ ಚಿಕ್ಕ ಹುಡುಗನಿಂದ ಕಿತ್ತುಕೊಂಡದ್ದು. ಅದನ್ನು ಮನೆಯ ಗೋಡೆಗೆ ತೂಗುಹಾಕಲು ನಾಚಿಕೆಯಾಗಬೇಕು. ಅಪ್ಪ ಹೇಳಿದರೂ ಒಪ್ಪಬೇಡಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ಕಷ್ಟ ಬೇರೆಯದು. ಊರ ತಾಲೀಮಿನೊಳಗೆ ನಿಮ್ಮನ್ನು ಇನ್ನೂ ಸರಿಯಾಗಿ ಬಿಟ್ಟುಕೊಂಡಿಲ್ಲ, ಜೋಡಿಗೆ ಹುಡುಗಿಯರು ಸಿಗುವುದಿಲ್ಲ. ರಾಜ್ಯಕ್ಕೆ ಹೋದಾಗ ಹಳಿಯಾಳದ, ಗದಗಿನ ಹುಡುಗಿಯರ ಎದುರು ನಿಂತಾಗಲೇ ನಿಮ್ಮ ಸಮ ತೂಕದ ಹುಡುಗಿಯ ಹಿಡಿತ ಹೇಗಿರುತ್ತದೆಂದು ತಿಳಿಯುವುದು. ನಾನು ಕಂಡ ರಾಜ್ಯ ಪಂದ್ಯಗಳ ಗಳಿಗೆಗಳಲ್ಲಿ ಮನಸ್ಸಿಗೆ ಬಹಳ ಹತ್ತಿರವಾದದ್ದು ಇಂಥ ಒಬ್ಬ ಹುಡುಗಿಯದು. ಬೆಳಿಗ್ಗೆ ಕಾಲು ಹೆಣೆದು ತಿರುಗಿಸುವ ಪಟ್ಟಿಗೆ ಸಿಕ್ಕು ಒಂದು ನಿಮಿಷದೊಳಗೆ ಸೋತಳು. ಅತ್ತಳು, ಮುಖ ತೊಳೆದುಕೊಂಡಳು. ಸಂಜೆ ವಸತಿಗೆ ಕೊಟ್ಟಿದ್ದ ಶಾಲೆಯ ಕೋಣೆಗಳಲ್ಲಿ ಹುಡುಕಿಕೊಂಡು ಹೋಗಿ, ತನ್ನನ್ನು ಸೋಲಿಸಿದವಳನ್ನು ಕೇಳಿದಳು: ‘ಅಕ್ಕಾ, ಅದನ್ನ ನನಗ ಕಲಸ್ತೀಯೇನು?’ ಆ ಹುಡುಗಿ ನಕ್ಕು ಚಾಪೆ ಹಾಸಿದಳು. ಊಟದ ಗಂಟೆ ಹೊಡೆಯುವವರೆಗೂ ಇಬ್ಬರೂ ಬಿಡಲಿಲ್ಲ. ಒಬ್ಬಳು ಹಿಡಿಯುವುದು, ಇನ್ನೊಬ್ಬಳು ಬಿಡಿಸಿಕೊಳ್ಳುವುದು. ಮಾಸ್ತರುಗಳು ವರಾಂಡದಲ್ಲಿ ನಿಂತು ನೋಡಿದೆವು, ಯಾರೂ ಮಧ್ಯೆ ಮಾತಾಡಲಿಲ್ಲ. ಮುಂದಿನ ವರ್ಷ ನಮ್ಮ ಹುಡುಗಿಯನ್ನು ಆ ಪಟ್ಟಿನಲ್ಲಿ ಯಾರೂ ಹಿಡಿಯಲಾಗಲಿಲ್ಲ. ಸೋತ ಕುಸ್ತಿಯನ್ನು ಅಷ್ಟು ಚೆನ್ನಾಗಿ ಓದಿದ ಇನ್ನೊಂದು ಮಗುವನ್ನು ನಾನು ಕಂಡಿಲ್ಲ.

ಜಾತ್ರೆಯ ಕುಸ್ತಿಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹಲಗಿ ಬಡಿತ, ಸೆಡ್ಡು ಹೊಡೆಯುವ ಸದ್ದು, ಮಿರಜ, ಸಾಂಗಲಿ, ಕೊಲ್ಹಾಪುರದಿಂದ ಬಂದ ಪೈಲ್ವಾನರು: ಇದೆಲ್ಲ ನಮ್ಮ ಸಂಪತ್ತು. ಅಖಾಡದೊಳಗೆ ಕನ್ನಡ, ಮರಾಠಿ ಎಂಬ ಜಗಳವಿಲ್ಲ, ಅದೂ ನಮ್ಮ ಹೆಮ್ಮೆ. ಆಡಿ, ಇನಾಮು ಪಡೆಯಿರಿ. ಆದರೆ ರಾಜ್ಯ ಪಂದ್ಯ ತಿಂಗಳೊಳಗಿದ್ದರೆ ಜಾತ್ರೆಯಲ್ಲಿ ಜೋಡಿ ಹಚ್ಚಿಕೊಳ್ಳಬೇಡಿ. ಅಲ್ಲಿ ತೂಕ ನೋಡದೆ ಕಣ್ಣಳತೆಯಲ್ಲಿ ಜೋಡಿ ಮಾಡುವುದೂ ಉಂಟು. ಮೊಣಕಾಲು ಹೋದರೆ ವರ್ಷವೇ ಹೋಗುತ್ತದೆ.

ಓದು ಬಿಡಬೇಡಿ ಎಂದು ಬೇರೆ ಹೇಳಬೇಕೇ? ಖಾಶಾಬಾ ಕಾಲೇಜು ಓದಿದವರು, 1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದವರು. ಸೇನೆ, ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ ನಿಮ್ಮಂಥವರಿಗಾಗಿಯೇ ಇದೆ, ಅರ್ಜಿ ಹಾಕಲು ಪಾಸಾದ ಸರ್ಟಿಫಿಕೇಟೂ ಬೇಕು. ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ಚಿಕ್ಕ ಹುಡುಗರಿಗೆ ಕುಸ್ತಿ ಕಲಿಸುತ್ತಲೇ ಶಾಲೆ ಓದಿಸುವ ಬಾಯ್ಸ್ ಸ್ಪೋರ್ಟ್ಸ್ ಕಂಪನಿಯಿದೆ. ದಾವಣಗೆರೆ, ಹಳಿಯಾಳ ಮುಂತಾದೆಡೆ ಸರ್ಕಾರದ ಕ್ರೀಡಾ ನಿಲಯಗಳಿವೆ. ಆಯ್ಕೆ ಯಾವಾಗ ನಡೆಯುತ್ತದೆಂದು ನಿಮ್ಮ ದೈಹಿಕ ಶಿಕ್ಷಕರ ಬೆನ್ನುಬಿದ್ದು ಕೇಳಿ.

ಕೊನೆಯ ಮಾತು ಈಗಾಗಲೇ ರಾಜ್ಯಕ್ಕೆ ಹೋಗಿ ಬಂದ ನಮ್ಮ ಸೀಮೆಯ ಯುವಕರಿಗೆ, ಯುವತಿಯರಿಗೆ. ನೀವೀಗ ಕಾಲೇಜಿನಲ್ಲಿರಬಹುದು, ಕಬ್ಬಿನ ಗದ್ದೆಯಲ್ಲಿರಬಹುದು, ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿರಬಹುದು. ಗೆದ್ದಿದ್ದರೂ ಸರಿ, ಸೋತಿದ್ದರೂ ಸರಿ. ಮ್ಯಾಟಿನ ಮೇಲೆ ನೀವು ಎಲ್ಲಿ ಪಾಯಿಂಟು ಕೊಟ್ಟಿರಿ ಎಂಬುದು ನಿಮಗೆ ಗೊತ್ತು, ನಿಮ್ಮೂರಿನ ಎಂಟನೆಯ ತರಗತಿಯ ಹುಡುಗನಿಗೆ ಗೊತ್ತಿಲ್ಲ. ತಾಲೂಕು ಮಟ್ಟದ ಪಂದ್ಯ ಶುರುವಾಗುವ ಮೊದಲು ಒಂದು ತಿಂಗಳು, ವಾರಕ್ಕೆರಡು ಸಂಜೆ ಶಾಲೆಗೆ ಬನ್ನಿ. ಬೋರಲು ಬಿದ್ದಾಗ ಹೇಗೆ ಉಳಿಯಬೇಕೆಂದು ಮಕ್ಕಳಿಗೆ ಕಲಿಸಿ. ಮ್ಯಾಟು ಇಲ್ಲದ ಶಾಲೆಯಾದರೆ ಪಂಚಾಯಿತಿಗೆ ಹೋಗಿ ಕೇಳೋಣ, ನಾನೂ ಜೊತೆಗೆ ಬರುತ್ತೇನೆ.